ಬೆಸುಗೆ ಹಾಕಿದ ಗಿಂಡಿ

"ಗುರುಗಳೇ, ಚೀಲದಲ್ಲಿ ಇರುವುದು ಎಂಟೇ ಖಾನೆ. ದಾರಿಯಲ್ಲಿ ಸಿಗುವ ಸಾಮಾನು ನೂರು. ಯಾವುದನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು?"

ಸಂಜೆಯ ಪೂಜೆ ಮುಗಿದು, ಎಲ್ಲರೂ ತೀರ್ಥ ತೆಗೆದುಕೊಂಡ ಮೇಲೆ ಪಶುಪತಿ ಎಂಬ ಶಿಷ್ಯ ಹೀಗೆ ಕೇಳಿದ. ಅವನು ಕೇಳಿದ್ದು ಮೊಬೈಲಿನಲ್ಲಿ ಆಡುವ ಆಟದ ಬಗ್ಗೆ. ಉಳಿದ ಶಿಷ್ಯರಿಗೆ ನಗು ತಡೆಯಲಾಗಲಿಲ್ಲ.

"ಆತ್ಮ, ಮಾಯೆ ಅಂತ ಕೇಳೋದಕ್ಕೆ ಎಷ್ಟೊಂದಿದೆ. ನಿನಗೆ ಇದೇ ಸಿಕ್ಕಿತೇನಯ್ಯಾ?" ಎಂದನೊಬ್ಬ.

ಗುರುಗಳು ನಗಲಿಲ್ಲ. "ಮನುಷ್ಯ ಆಡುವಾಗ ಮರೆಮಾಚುವುದು ಕಡಿಮೆ. ನೀನು ಹೇಳಪ್ಪ," ಎಂದರು.

ಪಶುಪತಿ ಹೇಳಿದ.

"ಏಳು ಕೋಟೆ ದಾಟಬೇಕು, ಗುರುಗಳೇ. ಕೊನೆಯ ಕೋಟೆಯಲ್ಲಿ ರಾಕ್ಷಸ ಇರುತ್ತಾನೆ. ನಾನೂ ನಮ್ಮಕ್ಕನೂ ಜೊತೆಯಾಗಿ ಆಡುತ್ತಿದ್ದೆವು. ಅವಳು ಅವಳ ಗಂಡನ ಊರಿನಲ್ಲಿ, ನಾನು ಇಲ್ಲಿ. ಫೋನಿನಲ್ಲೇ ಮಾತಾಡಿಕೊಂಡು ಆಡುವುದು. ನಾನು ಯೋಚನೆ ಮಾಡಿಯೇ ಆರಿಸಿಕೊಂಡೆ. ಕತ್ತಿ ಒಂದು, ಪಂಜು ಒಂದು. ಥಳಕಿನ ಸಾಮಾನು ಮುಟ್ಟಲೇ ಇಲ್ಲ. ಅಮೃತದ ಕುಡಿಕೆ ಸಿಕ್ಕಿತು. ಇಡೀ ಆಟಕ್ಕೆ ಅದು ಒಂದೇ. ಬಿದ್ದವರನ್ನು ಎಬ್ಬಿಸುತ್ತದೆ. ಒಳ್ಳೆಯ ಗುರಾಣಿಯೊಂದನ್ನು ಬಿಟ್ಟು ಅದನ್ನು ಇಟ್ಟುಕೊಂಡೆ. ಮೂರನೆಯ ಕೋಟೆಯಲ್ಲಿ ಅಕ್ಕ ಬಿದ್ದಳು. ಬಿದ್ದವರನ್ನು ಹತ್ತು ಎಣಿಸುವುದರೊಳಗೆ ಎಬ್ಬಿಸಬೇಕು. ಇಲ್ಲದಿದ್ದರೆ ಅವರ ಆಟ ಅಲ್ಲಿಗೆ ಮುಗಿಯಿತು. ಆದರೆ ಕುಡಿಕೆ ಒಂದೇ ಅಲ್ಲವೇ? ರಾಕ್ಷಸನ ಮುಂದೆ ಬೇಕಾಗುತ್ತದೆಂದು ಉಳಿಸಿಕೊಂಡೆ. ಕೊನೆಗೆ ನೋಡಿದರೆ ಆ ರಾಕ್ಷಸ ನಾನಂದುಕೊಂಡಷ್ಟು ಗಟ್ಟಿಯಿರಲಿಲ್ಲ. ಗೆದ್ದೆ. ಕುಡಿಕೆ ಚೀಲದಲ್ಲಿ ಹಾಗೇ ಉಳಿದಿತ್ತು. ಒಂದು ಖಾನೆ ದಂಡವಾಯಿತು."

"ಅಕ್ಕ ಏನಂದಳು?"

"ಏನೂ ಅನ್ನಲಿಲ್ಲ. ಈಗ ಆಡೋಣ ಬಾ ಅಂದರೆ ಕೆಲಸ ಇದೆ ಅನ್ನುತ್ತಾಳೆ. ಅಪ್ಪ ಹೋದ ಮೇಲೆ ನಮ್ಮಿಬ್ಬರಿಗೆ ಮಾತಿಗೊಂದು ನೆಪ ಅಂತ ಇದ್ದದ್ದು ಆ ಆಟವೇ. ಅದಿರಲಿ, ಗುರುಗಳೇ. ನನ್ನ ಪ್ರಶ್ನೆ ಚೀಲದ್ದು."

ಗುರುಗಳು ಜಪಮಣಿಯನ್ನು ಪಕ್ಕಕ್ಕಿಟ್ಟು ಕತೆ ಹೇಳಿದರು.

ಒಬ್ಬ ನೇಕಾರ ಕಾಶಿಗೆ ಹೊರಟ. ಹೊರಡುವಾಗ ಹೆಂಡತಿ ಹೇಳಿದಳು: "ನನಗೆ ಸೀರೆ ಬೇಡ, ಬಳೆ ಬೇಡ. ಒಂದು ಗಿಂಡಿ ಗಂಗೆ ತನ್ನಿ. ಪ್ರಾಣ ಹೋಗುವ ಹೊತ್ತಿಗೆ ನಾಲಿಗೆಗೆ ಒಂದು ತೊಟ್ಟು ಬಿದ್ದರೆ ಸಾಕು."

ಕಾಶಿಯ ಬೀದಿಯಲ್ಲಿ ಸಿಗದ ಸಾಮಾನಿಲ್ಲ. ಜೊತೆಯವರು ರುದ್ರಾಕ್ಷಿ, ಶಾಲು, ಮರದ ಬೊಂಬೆ, ಹಿತ್ತಾಳೆಯ ಗಂಟೆ ಎಂದು ಕಂಡದ್ದನ್ನೆಲ್ಲ ಗಂಟು ಕಟ್ಟಿದರು. ನೇಕಾರನ ಹೆಗಲಿಗಿದ್ದದ್ದು ಒಂದೇ ಜೋಳಿಗೆ. ಅವನು ಒಂದೊಂದನ್ನೂ ಕೈಯಲ್ಲಿ ಹಿಡಿದು, 'ನೀನು ಕೊನೆಗಾಲಕ್ಕೆ ಆಗುತ್ತೀಯಾ?' ಎಂದು ಮನಸ್ಸಿನಲ್ಲೇ ಕೇಳಿ ಕೆಳಗಿಟ್ಟ. ಗಂಗೆ ತುಂಬಿ, ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಗಿಂಡಿಯೊಂದನ್ನು ಮಾತ್ರ ತಂದ. ಊರಿನವರು ಅವನ ವಿವೇಕಕ್ಕೆ ತಲೆದೂಗಿದರು. ಅವನು ತಪ್ಪು ಆರಿಸಿದನೆಂದು ನಾನೂ ಹೇಳಲಾರೆ.

ಗಿಂಡಿ ದೇವರ ಗೂಡು ಸೇರಿತು. ದಿನವೂ ಅದಕ್ಕೆ ಹೂವು, ಕುಂಕುಮ.

ಪಕ್ಕದ ಮನೆ ಒಬ್ಬ ಕುಂಬಾರನದು. ಒಂದು ದಿನ ಕುಂಬಾರನ ಹೆಂಡತಿ ಓಡಿಬಂದಳು.

"ಅಣ್ಣಾ, ಅತ್ತೆಗೆ ಉಸಿರು ಮೇಲಾಗಿದೆ. ಗಂಗೆ, ಗಂಗೆ ಅಂತಿದ್ದಾರೆ. ಒಂದೇ ಒಂದು ಉದ್ಧರಣೆ ಕೊಡಿ."

"ಬೆಸುಗೆ ಒಮ್ಮೆ ಒಡೆದರೆ ಮುಗಿಯಿತಲ್ಲ ತಾಯಿ. ಸಮಯಕ್ಕೆ ಇರಲಿ ಅಂತ ಇಟ್ಟದ್ದು," ಎಂದ ನೇಕಾರ.

ಅವಳು ಬಂದ ದಾರಿಯಲ್ಲೇ ಹಿಂತಿರುಗಿದಳು. ಒಳಗಿಂದ ನೇಕಾರನ ಹೆಂಡತಿ ಕೇಳಿದಳು: "ಗಂಗೆ ಯಾವತ್ತೂ ಕೆಡೋದಿಲ್ಲ ಅಂತ ಊರಿಗೆಲ್ಲ ಹೇಳಿದಿರಿ. ಬೆಸುಗೆ ಹೋದರೆ ಕೆಡುತ್ತಾಳಾ?"

"ಸುಮ್ಮನಿರೇ. ನಿನಗೇ ಅಂತ ಇಟ್ಟಿದ್ದೀನಿ."

ಕೆಲವು ವರ್ಷ ಕಳೆಯಿತು. ನೇಕಾರನ ಹೆಂಡತಿ ಹಾಸಿಗೆ ಹಿಡಿದಳು. ನೇಕಾರ ಗಿಂಡಿಯನ್ನು ತಂದು ಅವಳ ತಲೆದೆಸೆಯಲ್ಲಿಟ್ಟ. ಪಕ್ಕದಲ್ಲಿ ಉಳಿ, ಸುತ್ತಿಗೆ ಇಟ್ಟ.

"ಒಡೀರಿ," ಎಂದಳು ಅವಳು.

ಅವನಿಗೆ ಕೈ ಬರಲಿಲ್ಲ. ಒಡೆದರೆ, ಇವಳು ಹೋಗುತ್ತಾಳೆಂದು ತಾನೇ ಒಪ್ಪಿಕೊಂಡಂತೆ. ಒಡೆದ ಮೇಲೆ ಇವಳು ಬದುಕಿಕೊಂಡರೆ, ಮುಂದೆ ನಿಜವಾದ ಹೊತ್ತು ಬಂದಾಗ ಏನು ಗತಿ?

"ಇನ್ನೂ ಹೊತ್ತಿದೆ," ಎಂದ.

"ನನ್ನ ಹೊತ್ತು ನಿಮಗೆ ಪಂಚಾಂಗದಲ್ಲಿ ಸಿಕ್ಕಿತಾ?" ಎಂದಳು. ಅವಳಿಗೆ ನಗಬೇಕೆನಿಸಿತು. ಉಸಿರು ಸಾಲಲಿಲ್ಲ.

ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ಮಧ್ಯಾಹ್ನ ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ನೇಕಾರ ಉಳಿ ಎತ್ತಿಕೊಂಡ. ಮತ್ತೆ ಕೆಳಗಿಟ್ಟ. ಮೈಲಿಗೆಯ ಮೈಯಲ್ಲಿ ಗಂಗೆಯನ್ನು ಮುಟ್ಟುವುದು ಹೇಗೆ? ಬಾವಿಗೆ ಓಡಿದ. ತಲೆಯ ಮೇಲೆ ಎರಡು ಕೊಡ ಸುರಿದುಕೊಂಡು ಒದ್ದೆ ಬಟ್ಟೆಯಲ್ಲೇ ಮರಳಿ ಬಂದ.

ಹೆಂಡತಿಯ ತಲೆ ಕುಂಬಾರನ ಹೆಂಡತಿಯ ತೊಡೆಯ ಮೇಲಿತ್ತು. ಅವಳ ಕೈಯಲ್ಲೊಂದು ಮಣ್ಣಿನ ಕುಡಿಕೆ.

"ಕೂಗಿದ ಹಾಗಾಯಿತು, ಬಂದೆ," ಎಂದಳು ಕುಂಬಾರನ ಹೆಂಡತಿ. "ಅಕ್ಕ ಬಾಯಾರಿದೆ ಅಂದರು. ನಮ್ಮ ಮನೆ ಕೊಡದ ನೀರನ್ನೇ ತಂದು ಬಾಯಿಗೆ ಬಿಟ್ಟೆ. ಗಂಗೆಯಾ ಅಂತ ಕೇಳಿದರು. ಹೂಂ ಅಂದೆ, ಅಣ್ಣಾ. ಸುಳ್ಳು ಹೇಳಿದೆ. ಕುಡಿದರು. ಹೋದರು."

ಆ ತಾಯಿಗೆ ಸದ್ಗತಿಯಾಯಿತು, ನನಗದರಲ್ಲಿ ಸಂಶಯವಿಲ್ಲ. ಕೊಡುವ ಕೈಯಿದ್ದರೆ ಗಂಗಮ್ಮ ಕುಂಬಾರನ ಕೊಡಕ್ಕೂ ಬರುತ್ತಾಳೆ.

ನೇಕಾರ ಆಮೇಲೆ ಒಂಬತ್ತು ವರ್ಷ ಬದುಕಿದ. ಗಿಂಡಿಗೆ ಹೂವು ಇಡುವುದನ್ನು ಬಿಟ್ಟ. ಒಡೆಯಲೂ ಇಲ್ಲ. ಅವನ ಕೊನೆಯ ಗಳಿಗೆಯಲ್ಲಿ ಊರಿನವರೇ ಬೆಸುಗೆ ಒಡೆದರು. ಗಿಂಡಿ ತುಂಬಿತ್ತು, ನೀರು ತಿಳಿಯಾಗಿತ್ತು. ಆದರೆ ಅವನ ಹಲ್ಲು ಕಚ್ಚಿಕೊಂಡಿತ್ತು. ಬಿಟ್ಟ ನೀರು ಕೆನ್ನೆಯ ಮೇಲೆ ಹರಿದು ದಿಂಬು ನೆನೆಯಿತು.

ಗುರುಗಳು ಕತೆ ನಿಲ್ಲಿಸಿ ಜಪಮಣಿ ಕೈಗೆತ್ತಿಕೊಂಡರು. ನಕ್ಕಿದ್ದ ಶಿಷ್ಯರು ತಲೆ ತಗ್ಗಿಸಿದ್ದರು. ಪಶುಪತಿ ಮಾತ್ರ ಇನ್ನೂ ಯೋಚಿಸುತ್ತಿದ್ದ.

"ಹಾಗಾದರೆ ಗುರುಗಳೇ," ಎಂದ, "ಅಮೃತದ ಕುಡಿಕೆಯನ್ನು ಎತ್ತಿಕೊಳ್ಳದೆ ಗುರಾಣಿಯನ್ನೇ ಇಟ್ಟುಕೊಳ್ಳಬೇಕಿತ್ತೇ?"

ಗುರುಗಳು ಅವನ ಮುಖವನ್ನು ಕರುಣೆಯಿಂದ ನೋಡಿದರು.

"ನೀನು ಹತ್ತು ಎಣಿಸುತ್ತಿದ್ದಾಗ, ಮಗೂ, ನಿನ್ನ ಅಕ್ಕ ಎಷ್ಟು ಸಲ ನಿನ್ನ ಹೆಸರು ಕೂಗಿದಳು?"

ಪಶುಪತಿಗೆ ಅದು ನೆನಪಿತ್ತು.