ಪೀಪಾಯಿಯ ಎಡೆ

ರಾವ್ ಬಹದ್ದೂರ್ ಕೆಂಚೇಗೌಡರ ಬಂಗಲೆಗೆ ವಿಲಾಯತಿಯಿಂದ ಓಕ್ ಮರದ ಪೀಪಾಯಿ ಬಂತು. ಒಳಗೆ ವರ್ಷಗಟ್ಟಲೆ ಮಾಗಿದ ಬಾರ್ಲಿ ಮದ್ಯ. ದೊರೆಗಳು ಊಟಕ್ಕೆ ಬರುವವರೆಗೆ ಯಾರೂ ಮುಟ್ಟಕೂಡದೆಂದು ಗೌಡರ ಅಪ್ಪಣೆ.

ಬಟ್ಲರ್ ಲಕ್ಕಯ್ಯ ತಡೆಯಲಾರದೆ ಒಂದು ಲೋಟ ಬಗ್ಗಿಸಿಕೊಂಡ. ನಾಲಗೆಗೆ ಬೆಲ್ಲದ ಪಾಕ, ಗಂಟಲಿಗೆ ಕೆಂಡ, ಕೊನೆಗೆ ಮೂಗಿನಲ್ಲಿ ಹಳೇ ಮರದ ಪೆಟ್ಟಿಗೆ ತೆರೆದಂಥ ವಾಸನೆ. ಆಹಾ ಎಂದು ಕಣ್ಣು ಮುಚ್ಚಿದ. ತೆರೆದಾಗ ಎದುರಿಗೆ ಗೌಡರು!

"ಕಳ್ಳ ನನ್ಮಗನೇ! ಈಗಲೇ ಗಂಟುಮೂಟೆ ಕಟ್ಟು!"

ಗದ್ದಲ ಕೇಳಿ ಗೌಡರ ತಾಯಿ ಕೋಲೂರಿಕೊಂಡು ಬಂದರು. ಅಂದು ಮಹಾಲಯ ಅಮಾವಾಸ್ಯೆ. ಊರೆಲ್ಲ ತಮ್ಮ ತೀರಿಹೋದ ಹಿರಿಯರಿಗೆ ಇಷ್ಟವಾದದ್ದನ್ನೇ ಎಡೆ ಇಡುವ ದಿನ. ರಾವ್ ಬಹದ್ದೂರ್ ಆದ ಮೇಲೆ ಗೌಡರು ತೀರಿಹೋದ ತಂದೆ ದೊಡ್ಡಗೌಡರಿಗೂ ಎಡೆ ಇಡುವುದನ್ನು ಬಿಟ್ಟಿದ್ದರು. ಮುದುಕಿ ಬೆಳಗಿನಿಂದ ಮುಖ ಊದಿಸಿಕೊಂಡಿದ್ದರು.

ಅವರನ್ನು ಕಂಡದ್ದೇ ಲಕ್ಕಯ್ಯನಿಗೆ ಹೋದ ಜೀವ ಬಂತು.

"ಅವ್ವಾರೇ, ಬುದ್ಧಿಯೋರು ದೊಡ್ಡಗೌಡರಿಗೆ ಎಡೆ ಇಡಿಸಿದ್ರು. ಸೀಮೆ ಸರಕು! ಎಡೆ ಚೆಲ್ಲಬಾರದಲ್ಲ, ಅದಕ್ಕೇ ಪ್ರಸಾದ ಅಂತ ನಾನು ತಕ್ಕೊಂಡೆ."

ಮುದುಕಿಯ ಕಣ್ಣು ತುಂಬಿತು. "ದಿಟವೇನ್ಲಾ ಮಗಾ?"

ಗೌಡರು ಲಕ್ಕಯ್ಯನನ್ನು ನುಂಗುವಂತೆ ನೋಡಿದರು. ಆಮೇಲೆ ತಾಯಿಯ ಮುಖ ನೋಡಿದರು.

"ಹೂಂ ಕಣವ್ವ," ಎಂದರು.



ಮುದುಕಿ ಖಾಲಿ ಲೋಟವನ್ನು ಎತ್ತಿ ನೋಡಿದರು. "ಇದೊಂದೇನಾ? ನಿಮ್ಮಪ್ಪ ಯಾವತ್ತಾದರೂ ಒಂದೇ ಲೋಟಕ್ಕೆ ಎದ್ದಿದ್ದುಂಟೇನ್ಲಾ? ಲಕ್ಕಯ್ಯ, ಇನ್ನೊಂದು ತುಂಬು!"