ಹಿಗೆಯಾಮಾಕ್ಕೆ ಹೆಸರು ತಂದ ಮೀಸೆ

ಜಪಾನಿನ ಪಡುಗಡಲ ದಂಡೆಯಲ್ಲಿ ಹಿಗೆಯಾಮಾ ಎಂಬ ಗುಡ್ಡವಿದೆ. ಹಾಗೆಂದರೆ ಮೀಸೆಗುಡ್ಡ. ನಮ್ಮ ಬೆಟ್ಟಗಳ ಪಕ್ಕದಲ್ಲಿಟ್ಟರೆ ಅದೊಂದು ಇಡ್ಲಿ. ಊರಿನವರು ಮಾತ್ರ ಮೋಡಗಳೂ ಅದರ ಅಪ್ಪಣೆ ಕೇಳಿಯೇ ಮುಂದೆ ಹೋಗುತ್ತವೆ ಎನ್ನುತ್ತಾರೆ. ನೆತ್ತಿಯಲ್ಲಿ ಬಿದ್ದ ಕೋಟೆಯ ಕಲ್ಲುಗಳು, ಬುಡದಲ್ಲಿ ಮೀನು ಒಣಗಿಸುವ ಹಳ್ಳಿ.

ಹಿಂದೆ ಒಮ್ಮೆ ಆ ಕೋಟೆಯಿಂದ ತೊಗಾನೊ ಎಂಬ ಸಮುರಾಯ್ ಮನೆತನ ಸುತ್ತಲ ಕಣಿವೆಗಳನ್ನೆಲ್ಲ ಆಳಿತು. ಮೂಲಪುರುಷ ಹಿಸಾಮುನೆಯದು ಬೆಣ್ಣೆಯಂಥ ನುಣುಪು ಮುಖ. ರಣರಂಗಕ್ಕೆ ಇಳಿದರೆ ವೈರಿಗಳು ನಗುತ್ತಿದ್ದರು. ಅವನು ಕಬ್ಬಿಣದ ಮುಖವಾಡಕ್ಕೆ ಕಾಡುಹಂದಿಯ ಕೂದಲಿನ ಮೀಸೆ ನೆಟ್ಟುಕೊಂಡು ಬಂದ. ಮೀಸೆ ಮೊದಲು ಬರುತ್ತಿತ್ತಂತೆ, ಕುದುರೆ ಆಮೇಲೆ! ನಗುತ್ತಿದ್ದವರು ಕತ್ತಿ ಬಿಸಾಡಿ ಓಡಿದರು. ಅಂದಿನಿಂದ ತೊಗಾನೊ ಒಡೆಯರು ಮುಖವಾಡವಿಲ್ಲದೆ ಹೊರಗೆ ಕಾಣಿಸಿಕೊಂಡದ್ದೇ ಇಲ್ಲ. ಅಪ್ಪ ಸತ್ತರೆ ಮಗ ಅದೇ ಮೀಸೆ ತೊಡುವನು.

ಮೀಸೆಗೆ ಹೆದರುವ ಕಾಲ ಕೊನೆಗೊಮ್ಮೆ ಮುಗಿಯಿತು. ನಿರಸಾಕಿ ಎಂಬ ದಳಪತಿ ಬಂದೂಕುಗಳೊಡನೆ ಬಂದು ಕಣಿವೆಗಳನ್ನು ನುಂಗಿ ಕೋಟೆಗೆ ಮುತ್ತಿಗೆ ಹಾಕಿದ. ಸಂಜೆಯೊಳಗೆ ಒಡೆಯನ ತಲೆ ಬರದಿದ್ದರೆ ಹಳ್ಳಿ ಸುಡುವೆನೆಂದು ಹೇಳಿಕಳಿಸಿದ. ಕೊನೆಯ ಒಡೆಯ ಮಿಚಿಯೊರಿ ಹಳ್ಳಿಗಾಗಿ ಸಾಯಲು ಒಪ್ಪಿದ. ಬದುಕುವ ಆಸೆ ಮಾತ್ರ ಬಿಟ್ಟಿರಲಿಲ್ಲ. ಮೀಸೆ ತೊಟ್ಟಂದಿನಿಂದ ಮುಖಕ್ಕೆ ಎಳೆಬಿಸಿಲು ಸೋಕಿಲ್ಲವೆಂಬುದೇ ಅವನ ಕೊರಗು. ಸಾಕಿದ ದಾದಿ ಒಸೆನ್ ಮುಂದೆ ಮುಖವಾಡ ಕಳಚಿಟ್ಟು ಕಣ್ಣೀರು ತಂದುಕೊಂಡ.

“ಸಾಯೋದು ಎಲ್ಲಿಗೂ ಓಡಿಹೋಗಲ್ಲ ಒಡೆಯಾ. ಅವರು ಕಂಡಿರೋದು ಮೀಸೇನ. ಮೀಸೇನೇ ಕೊಡೋಣ,” ಎನ್ನುತ್ತ ಒಸೆನ್ ಅಡುಗೆಮನೆಯಿಂದ ದಪ್ಪದೊಂದು ಕುಂಬಳಕಾಯಿ ಹೊತ್ತು ತಂದಳು.

ಕಾಯಿಗೆ ಶಿರಸ್ತ್ರಾಣ ಏರಿತು, ಮುಖವಾಡ ಕೂತಿತು, ಕಣ್ಣಿನ ಜಾಗಕ್ಕೆ ಬಿಳಿಬಟ್ಟೆ ಬಂತು. ರೈತನ ಅಂಗಿ ತೊಟ್ಟ ಮಿಚಿಯೊರಿ ತನ್ನ ತಲೆಯನ್ನು ತಾನೇ ಹೊತ್ತುಕೊಂಡು ಒಸೆನ್ ಜೊತೆ ಹೋಗಿ ನಿರಸಾಕಿಯ ಮುಂದಿಟ್ಟ. ವೈರಿಯ ತಲೆಯನ್ನು ನೆಟ್ಟ ನೋಟದಿಂದ ನೋಡಿದರೆ ಪ್ರೇತ ಬೆನ್ನುಹತ್ತುವುದೆಂದು ಸಮುರಾಯ್‌ಗಳ ನಂಬಿಕೆ. ನಿರಸಾಕಿ ಪದ್ಧತಿಯಂತೆ ಓರೆಗಣ್ಣಿನಲ್ಲಿ ಒಮ್ಮೆ ನೋಡಿ, “ಆಹಾ, ಎಂಥ ಮೀಸೆ!” ಎಂದ. ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿಕೊಂಡವನಂತೆ ಮಿಚಿಯೊರಿಯ ಕೈ ತನ್ನ ಬೋಳು ತುಟಿಯತ್ತ ಹೊರಟಿತು. ಒಸೆನ್ ಆ ಕೈಗೆ ಫಟ್ಟನೆ ಬಾರಿಸಿದಳು.

“ದೊಡ್ಡೋರ ಮುಂದೆ ಮೂಗು ಕೆರೀತೀಯಾ, ಕತ್ತೆ!”

“ಬಿಡಜ್ಜಿ. ನಿನ್ನ ಮಗನೇನು?”

“ಹೂಂ ಧಣಿ. ದಡ್ಡ. ಆದ್ರೂ ನಂಗೆ ಇರೋನು ಇವನೊಬ್ಬನೇ.”

ನಿರಸಾಕಿ ನಕ್ಕ. ಹಳ್ಳಿ ಉಳಿಯಿತು. ವೀರನ ತಲೆಯನ್ನು ಮೀಸೆ ಸಮೇತ ಗುಡ್ಡದ ನೆತ್ತಿಯಲ್ಲಿ ಹೂಳಬೇಕೆಂದು ಆ ದಡ್ಡನಿಗೇ ಅಪ್ಪಣೆಯಾಯಿತು. ಹೀಗೆ ತೊಗಾನೊ ಮನೆತನದ ಕೊನೆಯ ಒಡೆಯ ಬೆವರು ಸುರಿಸಿ ತನ್ನ ಗೋರಿಯನ್ನು ತಾನೇ ತೋಡಿದ. ತೋಡುವಷ್ಟು ಹೊತ್ತೂ ಬಿಸಿಲಿಗೆ ಮುಖವೊಡ್ಡಿಕೊಂಡೇ ಇದ್ದನಂತೆ. ಆಮೇಲೆ ಮೀನು ಒಣಗಿಸುತ್ತ, ಮೊಮ್ಮಕ್ಕಳನ್ನು ಕಂಡು, ಕರ್ರಗಾಗಿ ಸತ್ತ.

ಮಳೆ ಬಿದ್ದೊಡನೆ ಹೂತ ತಲೆ ಮೊಳಕೆಯೊಡೆಯಿತು. ಇಂದಿಗೂ ಹೋದವರಿಗೆ ಕಾಣುವುದು ಅದೇ: ಗೋರಿಗಲ್ಲಿನ ನಡುವಿನಿಂದ ಎಡಕ್ಕೊಂದು ಬಲಕ್ಕೊಂದು ಹಬ್ಬಿ, ತುದಿಯಲ್ಲಿ ಹುರಿಮಾಡಿಕೊಂಡು ನಿಂತ ಕುಂಬಳಬಳ್ಳಿ. ಊರಿನವರು ಒಡೆಯನಿಗೆ ಕೈಮುಗಿಯುತ್ತಾರೆ. ಕಾಯಿ ಬಲಿತಿದ್ದರೆ ಕೊಯ್ದುಕೊಂಡು ಮನೆಗೆ ನಡೆಯುತ್ತಾರೆ.