ಥರ್ಬಾಲ್ಡ್ ರಾಜನ ಶುಕ್ರವಾರದ ಮೀನು

ಇಂಗ್ಲೆಂಡಿನಲ್ಲಿ ನಾಲ್ಕು ಊರಿಗೊಬ್ಬ ರಾಜನಿದ್ದ ಕಾಲ. ಅಂಥ ಒಂದು ಅಂಗೈಯಗಲದ ರಾಜ್ಯಕ್ಕೆ ಥರ್ಬಾಲ್ಡ್ ಅಂತ ಒಬ್ಬ ದೊರೆ. ರಾಜ್ಯ ಚಿಕ್ಕದು, ಹೊಟ್ಟೆ ದೊಡ್ಡದು. ಪಕ್ಕದ ರಾಜ್ಯದ ಮುದಿ ದೊರೆ ತೀರಿಕೊಂಡ ಮೇಲೆ ಜನ ಅವನನ್ನು ಸಂತ ಅಂತ ಕರೆದು, ಅವನ ಗೋರಿಗೆ ಮೇಣದಬತ್ತಿ ಹಚ್ಚಲು ಸಾಲುಗಟ್ಟಿ ಹೋಗುತ್ತಿದ್ದರು. ಅದನ್ನು ಕೇಳಿದಾಗಿನಿಂದ ನಮ್ಮ ದೊರೆಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ತಿನ್ನುವುದನ್ನೇನೂ ಬಿಟ್ಟಿರಲಿಲ್ಲ, ಆ ಮಾತು ಬೇರೆ.

ಈ ದೊರೆಗೆ ಮಾಂಸ ಕೊಯ್ದು ಬಡಿಸುವ ಕೆಲಸ ವುಲ್ಮರನದು. ಕೀಳು ಕೆಲಸ ಅಂದುಕೊಳ್ಳಬೇಡಿ, ಆಸ್ಥಾನದಲ್ಲಿ ಅದು ದೊಡ್ಡ ಹುದ್ದೆ. ಚೂರಿ ಹಿಡಿದು ದೊರೆಯ ಕುತ್ತಿಗೆಗೆ ಅಷ್ಟು ಹತ್ತಿರ ನಿಲ್ಲಲು ಇನ್ಯಾರನ್ನು ಬಿಟ್ಟಾರು?

ಒಂದು ದಿನ ಊಟದ ನಡುವೆ ದೊರೆ ಮಠದ ಗುರು ಆಸ್ವಿನ್‌ರನ್ನು ಕರೆಸಿದ.

"ಗುರುಗಳೇ, ನಾನೂ ಸಂತ. ನೀವು ಸಾರುವುದೊಂದೇ ಬಾಕಿ."

"ಮಹಾಪ್ರಭು, ಸಂತರೆನಿಸಿಕೊಳ್ಳಲು ವ್ರತನೇಮ..."

"ನನಗೇನು ವ್ರತ ಇಲ್ಲವೇ? ಮಾಂಸ ಮುಟ್ಟಬಾರದ ಶುಕ್ರವಾರ ನಾನು ಬರೀ ಮೀನು ತಿನ್ನುತ್ತೇನೆ! ಕೇಳಿ ಈ ವುಲ್ಮರನನ್ನ, ಕೊಯ್ಯುವವನು ಅವನೇ."

ವುಲ್ಮರ್ ತಟ್ಟೆ ನೋಡುತ್ತಾ, "ಅಂಥ ಮೀನನ್ನು ನಾನು ಬೇರೆಲ್ಲೂ ಕಂಡಿಲ್ಲ" ಎಂದ.

"ಪವಾಡವೂ ಬೇಕು. ಅಲ್ಲದೆ, ಸಂತರೆಂದು ಸಾರುವುದು ಸತ್ತ ಮೇಲೆ" ಎಂದರು ಗುರುಗಳು ಮೆಲ್ಲಗೆ.

"ಅಷ್ಟು ದಿನ ಕಾಯಲು ನನಗೆ ಪುರುಸೊತ್ತಿಲ್ಲ! ಸತ್ತ ಮೇಲೆ ಆಗುವುದೆಲ್ಲ ಈ ಭಾನುವಾರವೇ ಆಗಬೇಕು. ಇಲ್ಲದಿದ್ದರೆ ನಿಮ್ಮ ಮಠ ನನ್ನ ಕುದುರೆಲಾಯ. ನೀವೂ, ಅಲ್ಲಿ ಮಲಗಿರುವ ನಿಮ್ಮ ರೋಗಿಗಳೂ ಹಿಮದಲ್ಲಿ ದಾರಿ ನೋಡಿಕೊಳ್ಳಿ."

ಎಂಥ ಸಂತಹೃದಯ ನೋಡಿ!

ಹೊರಗೆ ಗುರುಗಳು ವುಲ್ಮರನ ತೋಳು ಹಿಡಿದುಕೊಂಡರು. "ಏನು ಮಾಡಲಪ್ಪಾ? ಸುಳ್ಳು ಸಾರಲೋ, ರೋಗಿಗಳನ್ನು ಬೀದಿಗೆ ಬಿಡಲೋ?"

"ಎರಡೂ ಬೇಡ. ಸುತ್ತಲಿನ ಮಠದವರನ್ನೆಲ್ಲ ಕರೆಸಿ. ಖಾಲಿ ಪೆಟ್ಟಿಗೆ ತರಲಿ. ಉಳಿದದ್ದು ನನ್ನ ಚೂರಿಗೆ ಬಿಡಿ."

"ಅಯ್ಯೋ ದೇವರೇ!"

"ಗಾಬರಿಯಾಗಬೇಡಿ, ಬರೀ ಮಸೆಯುವುದಕ್ಕೆ."

ಭಾನುವಾರ ಸಭೆ ತುಂಬಿತು. ದೊರೆ ಬಿಳಿ ನಿಲುವಂಗಿ ತೊಟ್ಟು, ಮುಖದಲ್ಲಿ ಆದಷ್ಟು ಕರುಣೆ ತಂದುಕೊಂಡು ಕೂತಿದ್ದ. ಎದುರಿಗೆ ಪೆಟ್ಟಿಗೆ ಹಿಡಿದ ಸನ್ಯಾಸಿಗಳ ಸಾಲು. ಪಕ್ಕದಲ್ಲಿ ವುಲ್ಮರ್, ಸರ್ ಸರ್ ಎಂದು ಚೂರಿ ಮಸೆಯುತ್ತಿದ್ದ.

"ಕಾಣಿಕೆ ತಂದಿದ್ದಾರೋ?" ಎಂದ ದೊರೆ.

"ಒಯ್ಯಲು ಬಂದಿದ್ದಾರೆ, ಪ್ರಭು. ಸಂತರ ಮೂಳೆಯನ್ನು ಮಠಮಠಕ್ಕೂ ಹಂಚುವುದು ಪದ್ಧತಿಯಲ್ಲವೇ? ಈ ಉದ್ದದ ಪೆಟ್ಟಿಗೆ ಬಲಗೈಗೆ. ಆ ಪುಟ್ಟದ್ದು ಹಲ್ಲಿಗೆ. ಗುಂಡಗಿನದ್ದು..." ವುಲ್ಮರ್ ದೊರೆಯ ತಲೆಯನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿದ. "ಕಿರೀಟ ತೆಗೆದರೆ ಹಿಡಿಸುತ್ತೆ."

"ಏಯ್! ಅದೆಲ್ಲ ಸತ್ತ ಮೇಲೆ ಕಣೋ!"

"ಗುರುಗಳೂ ಅದನ್ನೇ ಅಂದರು. ಕಾಯಲು ಪುರುಸೊತ್ತಿಲ್ಲ, ಸತ್ತ ಮೇಲೆ ಆಗುವುದೆಲ್ಲ ಈ ಭಾನುವಾರವೇ ಅಂತ ತಾವೇ ಅಪ್ಪಣೆ ಕೊಡಿಸಿದಿರಿ. ಬಲಗೈ ಚಾಚಿ, ಪ್ರಭು."

ದೊರೆ ಎರಡೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ನಾನು ಸಂತನಲ್ಲ! ಮಠ ಗುರುಗಳದ್ದೇ, ಯಾರೂ ಮುಟ್ಟಕೂಡದು!"

"ಇದು ಬರೀ ವಿನಯ. ಸಂತರೆಲ್ಲ ಹೀಗೇ ಅನ್ನುವುದು" ಎಂದು ವುಲ್ಮರ್ ಚೂರಿಯ ಅಂಚು ನೋಡಿದ.

"ವಿನಯ ಅಲ್ಲವೋ! ನಾನು ಪಾಪಿ, ಮಹಾ ಪಾಪಿ! ಎಲ್ಲರೂ ಕೇಳಿ, ನನ್ನ ಶುಕ್ರವಾರದ ಮೀನಿಗೆ ನಾಲ್ಕು ಕಾಲಿತ್ತು!"

ಸಭೆಯಲ್ಲಿ ಗುಸುಗುಸು ಎದ್ದಿತು.

"ಬಾಲವೂ ಇತ್ತು" ಎಂದ ವುಲ್ಮರ್. "ವಾರವಾರ ಕೊಯ್ದವನು ನಾನಲ್ಲವೇ?" ಆಮೇಲೆ ಗುರುಗಳತ್ತ ತಿರುಗಿದ. "ಗುರುಗಳೇ, ನಮ್ಮ ದೊರೆ ತುಂಬಿದ ಸಭೆಯಲ್ಲಿ ನಿಜ ಹೇಳಿಬಿಟ್ಟರು! ನೀವು ಕೇಳುತ್ತಿದ್ದ ಪವಾಡ ಇದೇ ಇರಬಹುದೇ?"

ಗುರುಗಳು ಬಾಯಿ ತೆರೆಯುವಷ್ಟರಲ್ಲಿ ಸಿಂಹಾಸನ ಖಾಲಿಯಾಗಿತ್ತು.